ಕೆಟ್ಟಿದ್ದು ಕಡಿಮೆ, ಕೆಡಿಸಿದ್ದು ಜಾಸ್ತಿ

(ಮೈಸೂರಿನ ಕುವೆಂಪುನಗರದ ಒಂದು ಮನೆಯ ತಾರಸಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ ಗೆಳೆಯರ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಆಮೇಲೆ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರ್ ಅಲ್ಲ. ಓದಿದ್ದು ಬಿ.ಕಾಂ., ಕೆಲಸ ಮಾಡಿದ್ದು ವಿಮೆ ಕಚೇರಿಯಲ್ಲಿ. ಸೋಲ್ಡರಿಂಗ್ ಐರನ್ ಹಿಡಿದದ್ದೇ ಐವತ್ತು ದಾಟಿದ ಮೇಲೆ. ಹಾಗಾಗಿ ಇದು ಬಲ್ಲವನ ಪಾಠ ಅಲ್ಲ. ಪಿನ್‌ಬಾಲ್ ಅನ್ನುವ ಒಂದು ಹಳೆ ಆಟದ ಯಂತ್ರ ಮನೆಗೆ ತಂದು, ಹದಿನಾಲ್ಕು ತಿಂಗಳು ಹೆಂಡತಿ ಕೈಲಿ ಬೈಸಿಕೊಂಡು, ಕೊನೆಗೆ ಓಡಿಸಿದವನ ಕತೆ.

ಇಲ್ಲಿ ಎಷ್ಟು ಜನ ಚಿಕ್ಕವರಿದ್ದಾಗ ಬ್ಯಾಗಟೆಲ್ ಆಡಿದ್ದೀರಿ? ನೋಡಿ, ಅರ್ಧಕ್ಕರ್ಧ ಕೈ ಮೇಲೆದ್ದವು. ಹಲಗೆಗೆ ಮೊಳೆ ಹೊಡೆದಿರುತ್ತಿತ್ತು. ಸ್ಪ್ರಿಂಗ್ ಕಡ್ಡಿ ಎಳೆದು ಬಿಟ್ಟರೆ ಗೋಲಿ ಸರ್ರನೆ ಮೇಲೆ ಹೋಗಿ, ಮೊಳೆಗಳ ನಡುವೆ ತಡವರಿಸುತ್ತಾ ಇಳಿಯುತ್ತಿತ್ತು. ಪಿನ್‌ಬಾಲ್ ಅದೇ ವಂಶದ್ದು. ‘ಪಿನ್’ ಅಂದರೆ ಆ ಮೊಳೆಯೇ. ಸ್ಪ್ರಿಂಗ್ ಕಡ್ಡಿಯ ಆಟಕ್ಕೆ ಅಮೆರಿಕದಲ್ಲಿ ಮಾಂಟೇಗ್ ರೆಡ್‌ಗ್ರೇವ್ ಅನ್ನುವವನು 1871ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ. 1931ರಲ್ಲಿ ಶಿಕಾಗೋದ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಬಂತು, ಅಂಗಡಿ ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಆಟ ಆಯಿತು. ಆಗಿನ್ನೂ ಗುಂಡು ಬಿಟ್ಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇಲ್ಲ, ನೋಡುತ್ತಾ ನಿಲ್ಲಬೇಕು ಅಷ್ಟೇ. ಕೆಳಗೆ ಬೀಳುವ ಗುಂಡನ್ನು ಮತ್ತೆ ಮೇಲಕ್ಕೆ ಒದೆಯುವ ಫ್ಲಿಪ್ಪರ್ ಬಂದದ್ದು 1947ರಲ್ಲಿ, ಅದೇ ಕಂಪನಿಯ ‘ಹಂಪ್ಟಿ ಡಂಪ್ಟಿ’ಯಲ್ಲಿ. ಇತಿಹಾಸ ಇಷ್ಟು ಸಾಕು.

ನನಗೆ ಸಿಕ್ಕಿದ್ದು ಗಾಟ್ಲೀಬ್‌ನದೇ, 1960ರ ದಶಕದ್ದು, ಒಬ್ಬರೇ ಆಡುವಂಥದು. ಸಿಕ್ಕಿದ್ದೆಲ್ಲಿ ಅಂದರೆ ಮಂಡ್ಯದ ಹತ್ತಿರದ ಒಂದು ಹಳ್ಳಿಯಲ್ಲಿ, ನಿಂತುಹೋದ ಆಲೆಮನೆಯಲ್ಲಿ! ಆಲೆಮನೆ ಯಜಮಾನರಾದ ಗೌಡರು ಎಂಬತ್ತರ ದಶಕದಲ್ಲಿ ಅದನ್ನು ಬೆಂಗಳೂರಿನ ಹರಾಜಿನಲ್ಲಿ ಹಿಡಿದು, ಮಂಡ್ಯದಲ್ಲಿ ತಾವು ನಡೆಸುತ್ತಿದ್ದ ಲಾಡ್ಜಿನ ಕೆಳಗೆ ಇಟ್ಟಿದ್ದರಂತೆ. ಲಾಡ್ಜು ಮುಚ್ಚಿದ ಮೇಲೆ ಅದು ಆಲೆಮನೆಗೆ ಬಂತು. ನಾನು ನೋಡಿದಾಗ ಅದರ ಮೇಲೆ ಬೆಲ್ಲದ ಅಚ್ಚಿನ ಮಣೆಗಳನ್ನು ಪೇರಿಸಿದ್ದರು. ಕಬ್ಬಿನ ಸಿಪ್ಪೆ ಸುಟ್ಟ ಮಸಿ ಒಂದು ಬೆರಳು ದಪ್ಪ ಕೂತಿತ್ತು. ದುಡ್ಡು ಎಷ್ಟು ಅಂತ ಕೇಳಿದೆ. ‘ದುಡ್ಡು ಗಿಡ್ಡು ಏನೂ ಬ್ಯಾಡ ತಮ್ಮ. ಓಡಿದ್ ದಿನ ನನ್ ಕರಿ, ಒಂದ್ ಆಟ ಆಡ್ತೀನಿ’ ಅಂದರು.

ನೂರು ಕಿಲೋಗೂ ಮೇಲೆ ತೂಕ. ಅಂಕಿ, ಚಿತ್ರ ಇರುವ ತಲೆ ಬೇರೆ, ಆಟದ ಪೆಟ್ಟಿಗೆ ಬೇರೆ ಮಾಡಿ ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದೆವು. ಶ್ರೀರಂಗಪಟ್ಟಣದಲ್ಲಿ ಟೀಗೆ ನಿಲ್ಲಿಸಿದಾಗ ಒಬ್ಬರು ಬಂದು, ‘ಇದು ಐಸ್‌ಕ್ರೀಂ ಪೆಟ್ಟಿಗೆಯಾ?’ ಅಂತ ಕೇಳಿದರು.

ಮನೆಗೆ ತಂದ ದಿನವೇ ಪ್ಲಗ್ ಹಾಕಿ ನೋಡೋಣ ಅನ್ನಿಸುತ್ತೆ. ಹಾಕಬೇಡಿ. ಅಮೆರಿಕದ ಯಂತ್ರ 120 ವೋಲ್ಟಿನದು, ನಮ್ಮ ಗೋಡೆಯಲ್ಲಿ ಬರುವುದು 230. ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಒಂದಾದರೂ ಮೂಲೆಯಲ್ಲಿ ಬಿದ್ದಿರುತ್ತೆ, ನನ್ನದೂ ಹಾಗೇ ಸಿಕ್ಕಿದ್ದು. ಇನ್ನು ಹಳೆಯ ವೈರಿಗೆ ಎರಡೇ ಪಿನ್ನು, ಅರ್ತ್ ಇರಲಿಲ್ಲ. ಆಡುವವನ ಎರಡೂ ಕೈ ಪೆಟ್ಟಿಗೆಯ ಮೇಲೇ ಇರುವ ಆಟ ಇದು. ಪಕ್ಕದ ಪಟ್ಟಿ, ಕಾಲು, ಬಾಗಿಲು ಎಲ್ಲಾ ಕಬ್ಬಿಣ. ಹಾಗಾಗಿ ನಾನು ಮಾಡಿದ ಮೊದಲ ಕೆಲಸ ಮೂರು ಪಿನ್ನಿನ ಹೊಸ ವೈರು ಹಾಕಿ, ಲೋಹದ ಭಾಗಗಳಿಗೆಲ್ಲ ಅರ್ತ್ ಕೊಟ್ಟದ್ದು.

ಎರಡನೆಯದು ಫ್ಯೂಸು. ಒಳಗೆ ಒಟ್ಟು ಐದು ಫ್ಯೂಸಿದ್ದವು. ಒಂದು ಸರಿಯಾಗಿತ್ತು. ಎರಡಕ್ಕೆ ತಾಮ್ರದ ದಪ್ಪ ತಂತಿ ಸುತ್ತಿದ್ದರು. ಉಳಿದೆರಡಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ನಗಬೇಡಿ, ನಮ್ಮ ಮನೆಗಳಲ್ಲೂ ಇದನ್ನೇ ಮಾಡಿದ್ದೇವೆ. ಆದರೆ ಆ ಬೆಳ್ಳಿ ಕಾಗದ ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು. ಈ ಯಂತ್ರದಲ್ಲಿ ತಾನಾಗಿ ಕೆಟ್ಟದ್ದು ಕಡಿಮೆ, ರಿಪೇರಿ ಅಂತ ಕೆಡಿಸಿದ್ದೇ ಜಾಸ್ತಿ. ನಾನು ಹುಡುಕಬೇಕಾದದ್ದು ಯಂತ್ರದ ರೋಗ ಅಲ್ಲ, ನನಗಿಂತ ಮುಂಚೆ ಇದರೊಳಗೆ ಕೈ ಹಾಕಿದವನ ಬುದ್ಧಿ. ಅವನು ಇಲ್ಲಿ ಬಂದು ಏನು ಮಾಡಿರಬಹುದು, ಯಾಕೆ ಮಾಡಿರಬಹುದು ಅಂತ.

ಕರೆಂಟು ಕೊಡುವ ಮುಂಚೆ ಸೀರೀಸ್ ಬಲ್ಬ್ ಹಾಕಿದೆ. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುತ್ತಲ್ಲ, ಹಲಗೆಯ ಮೇಲೆ ಹೋಲ್ಡರು, ಅದರಲ್ಲೊಂದು ನೂರು ವ್ಯಾಟಿನ ಹಳೆಯ ಬಲ್ಬು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತೆ, ಯಂತ್ರ ಸುಡುವುದಿಲ್ಲ. ನನ್ನದು ಪೂರ್ತಿ ಉರಿಯಿತು. ಇಲಿ ಕಡಿದ ಏಳು ತಂತಿಗಳಲ್ಲಿ ಎರಡು ಒಂದನ್ನೊಂದು ತಬ್ಬಿಕೊಂಡಿದ್ದವು. ಆಗಿನ ತಂತಿಗೆ ಹತ್ತಿ ಬಟ್ಟೆಯ ಹೊದಿಕೆ, ಅದರ ಮೇಲೆ ಬಣ್ಣದ ಎಳೆ. ಬೆಲ್ಲದ ಮನೆಯಲ್ಲಿ ಮೂವತ್ತು ವರ್ಷ ಇದ್ದ ಹತ್ತಿ ಬಟ್ಟೆಯನ್ನು ಇಲಿ ಬಿಡುತ್ತಾ?

ಈಗ ಒಳಗಿನ ವಿಷಯ. ಮಂಚದ ಮುಚ್ಚಳದ ಹಾಗೆ ಆಟದ ಹಲಗೆಯನ್ನು ಮೇಲೆತ್ತಿದರೆ ಕೆಳಗೆ ಒಂದು ಊರೇ ಇರುತ್ತೆ. ಕರೆಂಟಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್ಚುಗಳು ಅಂದರೆ ರಿಲೇಗಳು, ತಂತಿ ಸುತ್ತಿದ ಕಾಯಿಲ್‌ಗಳು, ಹಲ್ಲು ಚಕ್ರಗಳು, ನೂರಾರು ಪತ್ತೆಗಳು, ಅಂದರೆ ಸ್ವಿಚ್ಚಿನ ತೆಳು ಲೋಹದ ಪಟ್ಟಿಗಳು. ಒಂದೇ ಒಂದು ಚಿಪ್ ಇಲ್ಲ. ಪಿನ್‌ಬಾಲ್‌ಗೆ ಚಿಪ್ ಬಂದದ್ದು 1970ರ ದಶಕದ ಉತ್ತರಾರ್ಧದಲ್ಲಿ. ನಾನು ಕಂಗಾಲಾಗಿ, ಪಕ್ಕದ ಬೀದಿಯ ರಾಯರನ್ನು ಕರೆದುಕೊಂಡು ಬಂದೆ. ಅವರು ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಕನ್ನಡಕ ಏರಿಸಿ ಒಂದು ನಿಮಿಷ ನೋಡಿದರು. ‘ಅಯ್ಯೋ, ಇದು ನಮ್ಮ ಎಕ್ಸ್‌ಚೇಂಜ್ ಕಣಯ್ಯಾ!’ ಅಂದರು.

ಅವರು ಹೇಳಿದ್ದು ನಿಜವೇ. ಹಳೆಯ ಸ್ಟ್ರೋಜರ್ ಮಾದರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೀವು ಡಯಲ್ ತಿರುಗಿಸಿದರೆ, ಎಷ್ಟು ಅಂಕಿಯೋ ಅಷ್ಟು ಸಲ ಕರೆಂಟು ಮಿಡಿಯುತ್ತಿತ್ತು. ಅಷ್ಟು ಹೆಜ್ಜೆ ಒಂದು ತೋಳು ಹತ್ತುತ್ತಿತ್ತು. ಪಿನ್‌ಬಾಲ್ ಲೆಕ್ಕ ಮಾಡುವುದೂ ಹಾಗೇ. ಐವತ್ತು ಪಾಯಿಂಟಿನ ಗುರಿಗೆ ಗುಂಡು ಬಡಿಯಿತು ಅಂತಿಟ್ಟುಕೊಳ್ಳಿ. ಒಂದು ಸಣ್ಣ ಮೋಟಾರು ತಿರುಗಲು ಶುರು ಮಾಡುತ್ತೆ. ಅದರ ಮೈಮೇಲಿನ ಉಬ್ಬುಗಳು ಒಂದು ಸ್ವಿಚ್ಚನ್ನು ಐದು ಸಲ ತಟ್ಟುತ್ತವೆ. ಅಂಕಿ ತೋರಿಸುವ ಚಕ್ರಗಳಲ್ಲಿ ಹತ್ತರ ಚಕ್ರ ಐದು ಮನೆ ಮುಂದೆ ಹೋಗುತ್ತೆ, ಗಂಟೆ ಐದು ಸಲ ಬಾರಿಸುತ್ತೆ. ಮೋಟಾರು ನಿಲ್ಲುತ್ತೆ. ಚಕ್ರ ಒಂಬತ್ತರಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಇನ್ನೊಂದು ಸ್ವಿಚ್ಚು ಮುಚ್ಚಿಕೊಂಡಿರುತ್ತೆ, ಮುಂದಿನ ಏಟಿಗೆ ನೂರರ ಚಕ್ರವನ್ನೂ ಒಂದು ಮನೆ ತಳ್ಳುತ್ತೆ. ಸ್ಲೇಟಿನ ಮೇಲೆ ಕೂಡುವಾಗ ಹೇಳುತ್ತಿದ್ದೆವಲ್ಲ, ‘ಬರೆದದ್ದು ಸೊನ್ನೆ, ಕೈಯಲ್ಲಿ ಒಂದು’ ಅಂತ. ಇಲ್ಲಿ ಆ ‘ಕೈಯಲ್ಲಿ ಒಂದು’ ನಿಮ್ಮ ಕಣ್ಣಿಗೆ ಕಾಣಿಸುತ್ತೆ. ಜಗನ್ಮೋಹನ ಅರಮನೆಯಲ್ಲಿ ಗಂಟೆಗೊಮ್ಮೆ ಸಿಪಾಯಿ ಗೊಂಬೆಗಳು ಸಾಲಾಗಿ ಬರುವ ಫ್ರೆಂಚ್ ಗಡಿಯಾರದ ಮುಂದೆ ಚಿಕ್ಕವನಿದ್ದಾಗ ಬಾಯಿ ಬಿಟ್ಟು ನಿಂತಿದ್ದೆ. ಅದರ ಹಿಂಬದಿ ನೋಡಬೇಕು ಅಂತ ಆಗ ಹಟ ಮಾಡಿದ್ದೆನಂತೆ. ಆ ಆಸೆ ಇಲ್ಲಿ ತೀರಿತು.

ರಾಯರು ಬರುವ ಮುಂಚೆ ನಾನೊಂದು ಅನಾಹುತ ಮಾಡಿದ್ದೆ. ಸ್ವಿಚ್ಚಿನ ಕಾಂಟ್ಯಾಕ್ಟ್‌ಗಳು ಕಪ್ಪಾಗಿದ್ದವು ಅಂತ ಎಮರಿ ಪೇಪರ್ ಹಾಕಿ ಉಜ್ಜಿದ್ದೆ, ನಲವತ್ತು ಚಿಲ್ಲರೆ! ಅವರು ನೋಡಿ ತಲೆ ಚಚ್ಚಿಕೊಂಡರು. ಆ ಕಾಂಟ್ಯಾಕ್ಟು ಬೆಳ್ಳಿಯದು, ಮೆದು. ಎಮರಿಯಲ್ಲಿ ಉಜ್ಜಿದರೆ ಗೀರು ಬೀಳುತ್ತೆ, ಗೀರಿನಲ್ಲಿ ಕೊಳೆ ಕೂರುತ್ತೆ, ಕಿಡಿ ಹಾರುತ್ತೆ. ಮಾಡಬೇಕಾದದ್ದು ಇಷ್ಟೇ. ಒಂದು ವಿಸಿಟಿಂಗ್ ಕಾರ್ಡನ್ನು ಸ್ಪಿರಿಟ್‌ನಲ್ಲಿ ಅದ್ದಿ, ಎರಡು ಕಾಂಟ್ಯಾಕ್ಟುಗಳ ನಡುವೆ ಇಟ್ಟು, ಪತ್ತೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ, ಕಾರ್ಡನ್ನು ಎಳೆಯಬೇಕು. ಕಾರ್ಡಿನ ಮೇಲೆ ಕಪ್ಪು ಗೆರೆ ಬರುತ್ತೆ. ಇನ್ನೊಂದು ಜಾಗದಲ್ಲಿ ಮತ್ತೆ. ಗೆರೆ ಬರುವುದು ನಿಂತರೆ ಮುಗಿಯಿತು. ಅರ ಹಾಕಬಹುದಾದದ್ದು ಫ್ಲಿಪ್ಪರಿನ ಹತ್ತಿರದ ಒಂದು ಸ್ವಿಚ್ಚಿಗೆ ಮಾತ್ರ, ಯಾಕೆಂದರೆ ಅದು ಟಂಗ್‌ಸ್ಟನ್, ಕಲ್ಲಿನಂಥದು. ವಿಮೆ ಕಚೇರಿಯಲ್ಲಿ ಉಳಿದಿದ್ದ ನನ್ನ ಮುನ್ನೂರು ವಿಸಿಟಿಂಗ್ ಕಾರ್ಡುಗಳು ಕೊನೆಗೂ ಕೆಲಸಕ್ಕೆ ಬಂದವು.

ಆ ಫ್ಲಿಪ್ಪರಿನ ಸ್ವಿಚ್ಚಿನ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು. ಫ್ಲಿಪ್ಪರಿನ ಕಾಯಿಲಿನಲ್ಲಿ ಎರಡು ಸುತ್ತು ಇರುತ್ತವೆ. ಒಂದು ದಪ್ಪ ತಂತಿಯದು, ಗುಂಡನ್ನು ಒದೆಯುವ ಬಲ ಕೊಡುತ್ತೆ. ಇನ್ನೊಂದು ಸಣ್ಣ ತಂತಿಯದು, ಸುತ್ತು ಜಾಸ್ತಿ, ಎತ್ತಿದ ಫ್ಲಿಪ್ಪರನ್ನು ಹಿಡಿದುಕೊಂಡಿರುತ್ತೆ. ನಿಂತ ಗಾಡಿಯನ್ನು ತಳ್ಳಲು ನಾಲ್ಕು ಜನ ಬೇಕು, ಹಿಂದೆ ಸರಿಯದ ಹಾಗೆ ತಡೆಯಲು ಚಕ್ರಕ್ಕೊಂದು ಕಲ್ಲು ಸಾಕು, ಹಾಗೆ. ಗುಂಡಿ ಒತ್ತಿದ ಕೂಡಲೇ ಕರೆಂಟು ದಪ್ಪ ಸುತ್ತಿನಲ್ಲಿ ಮಾತ್ರ ಹರಿಯುತ್ತೆ. ಫ್ಲಿಪ್ಪರ್ ತುದಿ ಮುಟ್ಟಿದಾಗ ಅದೇ ಹೋಗಿ ಆ ಸ್ವಿಚ್ಚನ್ನು ತೆರೆಯುತ್ತೆ. ಆಗ ಸಣ್ಣ ಸುತ್ತೂ ದಾರಿಯಲ್ಲಿ ಸೇರಿಕೊಂಡು ಕರೆಂಟು ಇಳಿಯುತ್ತೆ. ಸ್ವಿಚ್ಚು ತೆರೆಯದೇ ಹೋದರೆ? ಗುಂಡಿ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತರೆ ಸಾಕು, ಕಾಯಿಲು ಹೊಗೆಯಾಡುತ್ತೆ.

ನನ್ನ ಯಂತ್ರದಲ್ಲಿ ಆಗಿದ್ದೂ ಅದೇ. ಯಾರೋ ಆ ಪತ್ತೆಯನ್ನು ಇಕ್ಕಳದಲ್ಲಿ ಬಗ್ಗಿಸಿಟ್ಟಿದ್ದರು. ಎಡಗಡೆಯ ಕಾಯಿಲು ಸುಟ್ಟಿತ್ತು. ಸುಟ್ಟ ಮೇಲೆ ಅದನ್ನು ಬಿಚ್ಚಿ, ಬರೀ ಒಂದೇ ದಪ್ಪ ತಂತಿ ಸುತ್ತಿಸಿ ಹಾಕಿದ್ದರು. ಅದೂ ಸುಟ್ಟಿತ್ತು. ಅಂದರೆ ಕಾಯಿಲು ಕೆಟ್ಟಿದೆ ಅಂದುಕೊಂಡವನು ಎರಡು ಸಲ ಕಾಯಿಲಿಗೆ ದುಡ್ಡು ಸುರಿದಿದ್ದಾನೆ. ತಪ್ಪಿದ್ದದ್ದು ಒಂದು ಪತ್ತೆಯ ಬಾಗಿನಲ್ಲಿ.

ಸರಿ, ಬಲಗಡೆಯ ಒಳ್ಳೆ ಕಾಯಿಲು ಮಾದರಿಗೆ ಇತ್ತು. ಅದನ್ನು ಹಿಡಿದುಕೊಂಡು ಮಂಡ್ಯಕ್ಕೇ ಹೋದೆ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರು ಅಲ್ಲಿ ಇರುವಷ್ಟು ಎಲ್ಲಿದ್ದಾರೆ? ಅಂಗಡಿಯವರು ಕಾಯಿಲನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ‘ಇದ್ಯಾವ್ದು ಸಾ? ಮೋಟ್ರೂ ಅಲ್ಲ, ಚೋಕೂ ಅಲ್ಲ.’ ಆಟದ ಯಂತ್ರದ್ದು ಅಂದೆ. ‘ಅತ್ತು ಎಚ್‌ಪಿ ಮೋಟ್ರು ಕಾಯ್ತಾ ಕುಂತವೆ, ನೀವು ಆಟದ್ದು ತಂದಿದೀರಲ್ಲ’ ಅಂತ ನಕ್ಕರು. ಆದರೆ ಮೈಕ್ರೋಮೀಟರಿನಲ್ಲಿ ತಂತಿಯ ಗೇಜು ನೋಡಿ, ಎರಡೂ ಸುತ್ತಿನ ಓಮ್ ಅಳೆದು ಚೀಟಿಯಲ್ಲಿ ಬರೆದುಕೊಂಡರು. ಸಂಜೆಗೆ ಕೊಟ್ಟರು. ಎರಡು ವರ್ಷ ಆಯಿತು, ಬಿಸಿ ಕೂಡ ಆಗಿಲ್ಲ.

ಇದೆಲ್ಲ ಆದ ಮೇಲೂ ಆಟ ಶುರುವಾಗಲಿಲ್ಲ. ಸ್ಟಾರ್ಟ್ ಒತ್ತಿದರೆ ಮೋಟಾರು ಗರಗರ ತಿರುಗುತ್ತೆ, ತಿರುಗುತ್ತಲೇ ಇರುತ್ತೆ. ಇದು ಹಳೆ ಪಿನ್‌ಬಾಲ್‌ಗಳ ಮಾಮೂಲಿ ಕಾಯಿಲೆ. ಆಟ ಶುರುವಾಗುವ ಮುಂಚೆ ಅಂಕಿ ಚಕ್ರಗಳೆಲ್ಲ ಸೊನ್ನೆಗೆ ಬರಬೇಕು. ಪ್ರತಿ ಚಕ್ರ ಸೊನ್ನೆಗೆ ಬಂದಾಗ ತನ್ನ ಸ್ವಿಚ್ಚು ತೆರೆದು ‘ನಾನು ಬಂದೆ’ ಅನ್ನುತ್ತೆ. ಎಲ್ಲರೂ ಬಂದೆ ಅನ್ನುವವರೆಗೆ ಮೋಟಾರು ನಿಲ್ಲುವುದಿಲ್ಲ. ಹಾಜರಿ ತೆಗೆದುಕೊಳ್ಳುವ ಮೇಷ್ಟ್ರು ಅದು. ನನ್ನಲ್ಲಿ ನೂರರ ಚಕ್ರ ಏಳರಲ್ಲೇ ಕೂತಿತ್ತು. ಒಂದು ವಾರ ನಕ್ಷೆ ಹರಡಿಕೊಂಡು ತಂತಿ ಹುಡುಕಿದೆ. ತಂತಿಯಲ್ಲಿ ಏನೂ ಇರಲಿಲ್ಲ. ಚಕ್ರ ಬಿಚ್ಚಿ ನೋಡಿದರೆ ಒಳಗೆ ಕಪ್ಪು ಹಲ್ವ! ಸರಾಗವಾಗಿ ಓಡಲಿ ಅಂತ ಯಾರೋ ಧಾರಾಳವಾಗಿ ಎಣ್ಣೆ ಬಿಟ್ಟಿದ್ದರು. ಎಣ್ಣೆಗೆ ಆಲೆಮನೆಯ ಮಸಿ ಸೇರಿ ಗಟ್ಟಿಯಾಗಿತ್ತು. ಕಾಯಿಲಿನೊಳಗೆ ಓಡಾಡುವ ಕಬ್ಬಿಣದ ಗೂಟಕ್ಕೆ ಎಣ್ಣೆಯೇ ಬೇಕಿಲ್ಲ, ಅದು ಒಣಗಿಯೇ ಇರಬೇಕು. ನಾಲ್ಕೂ ಚಕ್ರ ಬಿಚ್ಚಿ, ಸ್ಪಿರಿಟ್‌ನಲ್ಲಿ ತೊಳೆದು, ಒಣಗಿಸಿ ಜೋಡಿಸಿದೆ. ಸ್ಟಾರ್ಟ್ ಒತ್ತಿದೆ. ಗರಗರ, ಟಕ ಟಕ ಟಕ, ನಾಲ್ಕು ಸೊನ್ನೆ, ಮೌನ. ಆಮೇಲೆ ಧಡ್ ಅಂತ ಗುಂಡು ಹೊರಗೆ ಬಂತು. ರಾತ್ರಿ ಹನ್ನೊಂದೂವರೆ. ಹೆಂಡತಿಯನ್ನು ಎಬ್ಬಿಸಿದೆ. ಅದು ತಪ್ಪಾಯಿತು, ಬಿಡಿ.

ಗುಂಡಿನ ಅಡ್ಡಳತೆ 27 ಮಿಲಿಮೀಟರ್, ತೂಕ ಸುಮಾರು 80 ಗ್ರಾಂ. ತುಕ್ಕು ಹಿಡಿದ ಗುಂಡು ಹಾಕಿದರೆ ಅದು ಹಲಗೆಯ ಬಣ್ಣಕ್ಕೆ ಅರದ ಹಾಗೆ. ಹೊಸದು ಇಲ್ಲೇ ಬೇರಿಂಗ್ ಅಂಗಡಿಯಲ್ಲಿ ಸಿಕ್ಕಿತು. ರಬ್ಬರ್ ಬಳೆಗಳಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿ ನೋಡಿದೆ, ಪುಟಿಯಲೂ ಇಲ್ಲ, ಹಲಗೆಯೆಲ್ಲ ಕಪ್ಪು. ಹೊರದೇಶದಿಂದಲೇ ತರಿಸಬೇಕಾಯಿತು. ಒಳಗಿನ ದೀಪಗಳು ಆರು ವೋಲ್ಟಿನವು. ಹಳೆ ಎಜ್ಡಿ ಬೈಕಿನದೂ ಆರು ವೋಲ್ಟ್ ಅಲ್ವಾ? ಇದೇ ಮೈಸೂರಿನಲ್ಲಿ 1996ರವರೆಗೆ ತಯಾರಾದ ಗಾಡಿ. ಹಳೆ ಬೈಕುಗಳ ಬಿಡಿಭಾಗದ ಅಂಗಡಿಯಿಂದ ಸಣ್ಣ ಬಲ್ಬು ತಂದೆ, ಹೋಲ್ಡರಿನಲ್ಲಿ ಸರಿಯಾಗಿ ಕೂತಿತು, ನನಗೆ ಹಿಗ್ಗು. ಆದರೆ ಅದು ಮೂರು ವ್ಯಾಟಿನದು. ಮೂಲದ್ದು ಸುಮಾರು ಒಂದೂವರೆ ವ್ಯಾಟಿನದು ಅಷ್ಟೇ. ಆ ಬಿಸಿ ತಡೆಯುವ ಶಕ್ತಿ ತಲೆಯ ಗಾಜಿಗೆ ಇಲ್ಲ. ತೆಗೆದುಬಿಟ್ಟೆ.

ತಲೆಯ ಗಾಜು ಅಂದೆನಲ್ಲ, ಅಲ್ಲಿ ನಾನೇ ಕೆಡಿಸಿದ್ದು ಇದೆ. ಚಿತ್ರ ಇರುವುದು ಗಾಜಿನ ಹಿಂಬದಿಯಲ್ಲಿ. ಹಳೆ ಮನೆಗಳ ಗಾಜಿನ ದೇವರ ಪಟ ನೋಡಿದವರಿಗೆ ಗೊತ್ತಿರುತ್ತೆ, ಕಣ್ಣು ಮೂಗಿನ ಗೆರೆ ಮೊದಲು, ಹಿನ್ನೆಲೆಯ ಬಣ್ಣ ಕೊನೆಗೆ. ಇಲ್ಲೂ ಬಣ್ಣಗಳ ಸರದಿ ಹಾಗೇ ತಿರುಗಾಮುರುಗಾ. ದೀಪದ ಬಿಸಿಗೆ ಆ ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತೆ. ನನಗೆ ಗೊತ್ತಿರಲಿಲ್ಲ. ಮಸಿ ಒರೆಸೋಣ ಅಂತ ಒದ್ದೆ ಬಟ್ಟೆಯನ್ನು ಒಂದು ಸಲ ಆಡಿಸಿದೆ. ಬಟ್ಟೆ ತೆಗೆದರೆ ಅದರಲ್ಲಿ ಒಂದು ಹುಡುಗಿಯ ಕಿವಿ, ಅರ್ಧ ಕೆನ್ನೆ. ಆ ರಾತ್ರಿ ಊಟ ಸೇರಲಿಲ್ಲ. ಆಮೇಲೆ ಮೈಸೂರು ಶೈಲಿಯ ಚಿತ್ರ ಬರೆಯುವ ಒಬ್ಬ ಗೆಳತಿ ಬಂದು, ಉಳಿದ ಬಣ್ಣ ಕದಲದ ಹಾಗೆ ಮೇಲೆ ಪಾರದರ್ಶಕ ಲ್ಯಾಕರ್ ಹೊಡೆಸಿ, ಕಿವಿ ಕೆನ್ನೆ ಬರೆದುಕೊಟ್ಟರು. ಓಲೆ ಮಾತ್ರ ನಮ್ಮ ಕಡೆಯದಾಗಿಬಿಟ್ಟಿದೆ. ನೋಡಿದರೆ ಗೊತ್ತಾಗುತ್ತೆ. ಇರಲಿ ಅಂತ ಬಿಟ್ಟಿದ್ದೇನೆ.

ಮಾತು ಮುಗಿದ ಮೇಲೆ ಒಬ್ಬರು, ‘ಇದು ಜೂಜಲ್ವಾ?’ ಅಂತ ಕೇಳಿದರು. ಇದೇ ಪ್ರಶ್ನೆಯ ಮೇಲೆ ನ್ಯೂಯಾರ್ಕ್ ನಗರ 1942ರಲ್ಲಿ ಪಿನ್‌ಬಾಲ್ ನಿಷೇಧಿಸಿತ್ತು. ನಿಷೇಧ ಹೋದದ್ದು 1976ರಲ್ಲಿ. ರೋಜರ್ ಶಾರ್ಪ್ ಅನ್ನುವ ಪತ್ರಕರ್ತ ನಗರಸಭೆಯವರ ಎದುರಿಗೇ ಯಂತ್ರ ಇಟ್ಟುಕೊಂಡು, ‘ಈಗ ಗುಂಡು ನಡುವಿನ ಓಣಿಯಲ್ಲೇ ಇಳಿಯುತ್ತೆ ನೋಡಿ’ ಅಂತ ಮೊದಲೇ ಹೇಳಿ, ಸ್ಪ್ರಿಂಗ್ ಎಳೆದು ಬಿಟ್ಟ. ಹಾಗೇ ಇಳಿಯಿತು. ಅದರಲ್ಲಿ ಅದೃಷ್ಟವೂ ಇತ್ತು ಅಂತ ಆಮೇಲೆ ಅವನೇ ಒಪ್ಪಿಕೊಂಡಿದ್ದಾನೆ.

ಇನ್ನೊಬ್ಬರು ಕೇಳಿದ್ದು, ‘ಗೌಡರನ್ನ ಕರೆದಿರಾ?’

ಕರೆದೆ. ಮೊಮ್ಮಗನ ಜೊತೆ ಬಂದರು. ಇಲ್ಲಿ ಒಂದು ವಿಷಯ ಹೇಳುವುದು ಬಿಟ್ಟಿದ್ದೆ. ಈ ಯಂತ್ರವನ್ನು ಜೋರಾಗಿ ಅಲುಗಾಡಿಸಿ ಗುಂಡಿನ ದಾರಿ ತಪ್ಪಿಸಬಾರದು ಅಂತ ಒಳಗೊಂದು ಕಾವಲು ಇದೆ. ಗಾರೆ ಕೆಲಸದವರ ತೂಗುಗುಂಡಿನ ಹಾಗೇ ಒಂದು ಗುಂಡು, ಅದರ ಸುತ್ತ ಲೋಹದ ಬಳೆ. ಅಲುಗಿಸಿದರೆ ಗುಂಡು ಬಳೆಗೆ ತಾಗುತ್ತೆ, ‘ಟಿಲ್ಟ್’ ಅಂತ ದೀಪ ಬರುತ್ತೆ, ಆಟ ಸತ್ತಂತೆ. ನನ್ನ ಯಂತ್ರದಲ್ಲಿ ಯಾರೋ ಆ ತೂಗುಗುಂಡನ್ನೇ ಕಿತ್ತು ಪೆಟ್ಟಿಗೆಯ ತಳಕ್ಕೆ ಎಸೆದಿದ್ದರು. ನಾನು ಹುಡುಕಿ, ತೊಳೆದು, ಪುಸ್ತಕದಲ್ಲಿ ಇದ್ದ ಹಾಗೇ ಜೋಡಿಸಿದ್ದೆ. ಬಹಳ ಹೆಮ್ಮೆಯಿಂದ.

ಗೌಡರು ಪಂಚೆ ಎತ್ತಿ ಕಟ್ಟಿ ನಿಂತರು. ಸ್ಪ್ರಿಂಗ್ ಎಳೆದರು. ಎಂಬತ್ತರ ಹತ್ತಿರದ ವಯಸ್ಸು, ಆದರೂ ಬೆರಳು ಮರೆತಿರಲಿಲ್ಲ. ಎರಡು ಮೂರು ಸಲ ಗುಂಡನ್ನು ಚೆನ್ನಾಗಿಯೇ ಮೇಲಕ್ಕೆ ಕಳಿಸಿದರು. ನಾಲ್ಕನೇ ಸಲ ಗುಂಡು ಎಡಗಡೆಗೆ ಜಾರತೊಡಗಿತು. ಅವರು ಯೋಚನೆಯನ್ನೇ ಮಾಡದೆ, ಪೆಟ್ಟಿಗೆಯ ಎಡಮಗ್ಗುಲಿಗೆ ಅಂಗೈಯಿಂದ ಒಂದು ಬಿಟ್ಟರು. ಮೂವತ್ತು ವರ್ಷದ ಹಿಂದಿನ ಅಭ್ಯಾಸ. ಠಪ್ ಅಂತ ಫ್ಲಿಪ್ಪರ್ ಬಿದ್ದುಹೋಯಿತು. ‘ಟಿಲ್ಟ್’ ದೀಪ ಬಂತು.

ಗೌಡರು ಸ್ವಲ್ಪ ಹೊತ್ತು ಆ ದೀಪವನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ಚೆನ್ನಾಗಿತ್ತಲ್ಲ ತಮ್ಮ’ ಅಂದರು. ‘ಕೆಡ್ಸಿಟ್ಟಿದೀಯ.’

ಮುಂದಿನ ಬಾಗಿಲು ತೆಗೆದು, ತೂಗುಗುಂಡನ್ನು ಅರ್ಧ ಇಂಚು ಮೇಲಕ್ಕೆ ಸರಿಸಿಕೊಟ್ಟೆ.